ಯಾವ ಶಾಖೆಗೆ ಎಷ್ಟು ಅಧಿಕಾರ: ಕಂಪನಿಯ ಮೂಡಲ್‌ನಲ್ಲಿ ಅಡ್ಮಿನ್ ಪರ್ಮಿಶನ್ ಹೊಂದಿಸುವ ಬಗೆ

ಪ್ರಶ್ನೆ: ನಮ್ಮದು ಅಡಿಕೆ ಖರೀದಿ, ಸಂಸ್ಕರಣೆ ಮಾಡುವ ಕಂಪನಿ. ಮುಖ್ಯ ಕಚೇರಿ ಶಿವಮೊಗ್ಗದಲ್ಲಿದೆ. ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪದಲ್ಲಿ ಶಾಖೆಗಳಿವೆ. ಸುಮಾರು 350 ನೌಕರರ ತರಬೇತಿಗೆ ಮೂಡಲ್ ಎಂಬ ಆನ್‌ಲೈನ್ ತರಬೇತಿ ತಂತ್ರಾಂಶ ಹಾಕಿಕೊಂಡಿದ್ದೇವೆ. ಶಾಖೆಯವರು ಕೇಳಿದಾಗಲೆಲ್ಲ ಅಡ್ಮಿನ್ ಕೊಡುತ್ತಾ ಬಂದು ಈಗ ಹತ್ತು ಅಡ್ಮಿನ್‌ಗಳಾಗಿದ್ದಾರೆ. ಇತ್ತೀಚೆಗೆ ಗೋದಾಮಿನ ಬೆಂಕಿ ಸುರಕ್ಷತೆಯ ಕೋರ್ಸೇ ಅಳಿಸಿಹೋಯಿತು. ಒಂದೇ ಲಾಗಿನ್ಅನ್ನು ನಾಲ್ಕು ಜನ ಬಳಸುತ್ತಿದ್ದರಿಂದ ಯಾರು ಅಳಿಸಿದರೆಂದು ತಿಳಿಯಲಿಲ್ಲ. ಒಂದು ಶಾಖೆಯವರ ಅಂಕ ಇನ್ನೊಂದು ಶಾಖೆಗೆ ಕಾಣಬಾರದು. ಹಾಗಂತ ಪ್ರತಿ ಸಣ್ಣ ಕೆಲಸಕ್ಕೂ ಅವರು ನಮಗೆ ಫೋನ್ ಮಾಡುವಂತೆಯೂ ಆಗಬಾರದು. ಹೇಗೆ ಹೊಂದಿಸುವುದು? ಇದಕ್ಕೆ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕೇ?
— ಮಾನವ ಸಂಪನ್ಮೂಲ ವಿಭಾಗದ ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಅಳಿಸಿಹೋದ ಕೋರ್ಸಿನ ಮಾತು. ಮೂಡಲ್‌ನಲ್ಲಿ ಪ್ರತಿ ಕ್ಯಾಟಗರಿಗೂ (ಕೋರ್ಸುಗಳನ್ನು ವಿಂಗಡಿಸಿಡುವ ವಿಭಾಗ) ಒಂದು ರಿಸೈಕಲ್ ಬಿನ್ ಇದೆ. ಯಾರೂ ಬದಲಾಯಿಸದಿದ್ದರೆ ಅಳಿಸಿದ ಕೋರ್ಸ್ ಅದರಲ್ಲಿ 7 ದಿನ ಉಳಿಯುತ್ತದೆ. ಆ ಗಡುವು ದಾಟಿದ್ದರೆ ನಿಮಗೆ ಉಳಿದಿರುವುದು ಬ್ಯಾಕಪ್ ಮಾತ್ರ. ಕೋರ್ಸುಗಳ ಸ್ವಯಂಚಾಲಿತ ಬ್ಯಾಕಪ್ ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಆನ್ ಮಾಡಬೇಕು. ಮುಂದಿನದ್ದನ್ನು ಓದುವ ಮೊದಲು ಈ ಎರಡನ್ನೂ ನೋಡಿಬಿಡಿ. ಬಿನ್‌ನ ಅವಧಿಯನ್ನು 30 ದಿನಕ್ಕೆ ಏರಿಸಿದರೆ ಸರ್ವರ್‌ನಲ್ಲಿ ಸ್ವಲ್ಪ ಜಾಗ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಇನ್ನು ಮೂಲ ವಿಷಯ. ನಿಮ್ಮಲ್ಲಿ ಹತ್ತು ಜನರಿಗೆ ಕೊಟ್ಟಿರುವ 'ಸೈಟ್ ಅಡ್ಮಿನಿಸ್ಟ್ರೇಟರ್' ಎಂಬುದು ರೋಲ್ (ಏನೇನು ಮಾಡಬಹುದು ಎಂಬ ಪರ್ಮಿಶನ್‌ಗಳ ಕಟ್ಟು) ಅಲ್ಲ. ರೋಲ್ ಆದರೆ ಅದರಿಂದ ಒಂದೆರಡು ಪರ್ಮಿಶನ್ ಕಿತ್ತುಹಾಕಬಹುದಿತ್ತು. ಸೈಟ್ ಅಡ್ಮಿನ್ ವಿಷಯದಲ್ಲಿ ಮೂಡಲ್ ಪರ್ಮಿಶನ್ ಪಟ್ಟಿಯನ್ನು ನೋಡುವುದೇ ಇಲ್ಲ. ಯಾವ ಪುಟಕ್ಕೆ ಹೋದರೂ 'ಇವರು ಅಡ್ಮಿನ್, ಬಿಡು' ಎಂದೇ ಅದರ ಲೆಕ್ಕ. ಆದ್ದರಿಂದ 'ಸಾಗರದವರು ಅಡ್ಮಿನ್ ಆಗಿಯೇ ಇರಲಿ, ಕೊಪ್ಪದ್ದು ಮಾತ್ರ ಕಾಣದಂತೆ ಮಾಡೋಣ' ಎಂದು ಎಷ್ಟು ಹೊತ್ತು ಕೂತರೂ ಫಲವಿಲ್ಲ. ಶಾಖೆಯವರನ್ನೆಲ್ಲ ಆ ಪಟ್ಟಿಯಿಂದ ತೆಗೆದು, ಅವರ ಕೆಲಸಕ್ಕೆ ತಕ್ಕ ರೋಲ್ ಕಟ್ಟಿಕೊಡುವುದೊಂದೇ ದಾರಿ.

ಹೀಗೆ ಕಟ್ಟುವಾಗ ಶಾಖೆಯವರ ಹುದ್ದೆ ಏನು ಎಂಬುದಕ್ಕಿಂತ, ಅಧಿಕಾರವನ್ನು ಯಾವ ಜಾಗದಲ್ಲಿ ಕೊಡುತ್ತಿದ್ದೀರಿ ಎಂಬುದೇ ಮುಖ್ಯ. ಮೂಡಲ್‌ನಲ್ಲಿ ಒಂದೇ ರೋಲ್ಅನ್ನು ಇಡೀ ಸೈಟಿಗೆ, ಒಂದು ಕ್ಯಾಟಗರಿಗೆ, ಒಂದು ಕೋರ್ಸಿಗೆ, ಕೋರ್ಸಿನೊಳಗಿನ ಒಂದೇ ಚಟುವಟಿಕೆಗೆ ಬೇಕಾದರೂ ಕೊಡಬಹುದು. ಎಲ್ಲಿ ಕೊಟ್ಟಿರೋ ಅಲ್ಲಿಂದ ಕೆಳಕ್ಕೆ ಮಾತ್ರ ಅದು ನಡೆಯುತ್ತದೆ. ಸಾಗರ ಕ್ಯಾಟಗರಿಯಲ್ಲಿ ಕೊಟ್ಟ ಅಧಿಕಾರ ಸಾಗರದ ಕೋರ್ಸುಗಳನ್ನು ದಾಟುವುದಿಲ್ಲ. ಅದೇ ರೋಲ್ಅನ್ನು 'ಅಸೈನ್ ಸಿಸ್ಟಮ್ ರೋಲ್ಸ್' ಪುಟದಿಂದ ಕೊಟ್ಟರೆ ಐದೂ ಊರಿನ ಎಲ್ಲ ಕೋರ್ಸುಗಳಿಗೂ ಅನ್ವಯಿಸುತ್ತದೆ. ಕಂಪನಿಗಳಲ್ಲಿ ಆಗುವ ತೊಂದರೆಗಳಲ್ಲಿ ಬಹುಪಾಲು ಈ ಒಂದು ತಪ್ಪಿನಿಂದಲೇ ಬರುತ್ತವೆ: ರೋಲ್ ಸರಿಯಾಗಿರುತ್ತದೆ, ಕೊಟ್ಟ ಜಾಗ ತಪ್ಪಿರುತ್ತದೆ.

ಕ್ಯಾಟಗರಿ ಮತ್ತು ಕೊಹಾರ್ಟ್

ಐದು ಕ್ಯಾಟಗರಿ ಮಾಡಿ. 'ಎಲ್ಲರಿಗೂ' ಎಂಬುದು ಒಂದು. ಬೆಂಕಿ ಸುರಕ್ಷತೆ, ಲೈಂಗಿಕ ಕಿರುಕುಳ ತಡೆ, ಹೊಸಬರ ಪರಿಚಯ ತರಬೇತಿ ಇಂಥವೆಲ್ಲ ಅಲ್ಲಿರಲಿ. ಉಳಿದ ನಾಲ್ಕು ಶಾಖೆಗೊಂದೊಂದು. ಅಲ್ಲಿಯ ಕಣದ ಕೆಲಸ, ಆ ಶಾಖೆಯ ಯಂತ್ರಗಳು, ರಾಶಿ–ಬೆಟ್ಟೆ–ಗೊರಬಲು ವಿಂಗಡಣೆಯ ಅಭ್ಯಾಸ ಮುಂತಾದವನ್ನು ಶಾಖೆಯವರೇ ನೋಡಿಕೊಳ್ಳಲಿ.

ನೌಕರರ ಗುಂಪುಗಳಿಗೆ ಮೂಡಲ್‌ನಲ್ಲಿ ಕೊಹಾರ್ಟ್ ಎನ್ನುತ್ತಾರೆ. ಸಾಗರದ ನೌಕರರ ಕೊಹಾರ್ಟ್ ಸಾಗರ ಕ್ಯಾಟಗರಿಯೊಳಗೆ ಇರಬೇಕು ಎಂದು ಅನ್ನಿಸುವುದು ಸಹಜ. ಹಾಗೆ ಮಾಡಿದರೆ ಆ ಕೊಹಾರ್ಟ್ 'ಎಲ್ಲರಿಗೂ' ಕ್ಯಾಟಗರಿಯ ಕೋರ್ಸುಗಳಲ್ಲಿ ಸಿಗುವುದೇ ಇಲ್ಲ, ಯಾಕೆಂದರೆ ಕೊಹಾರ್ಟ್ ಕೂಡ ತಾನಿರುವ ಜಾಗದಿಂದ ಕೆಳಕ್ಕೆ ಮಾತ್ರ ಕಾಣುತ್ತದೆ. ಆದ್ದರಿಂದ ನಾಲ್ಕೂ ಶಾಖೆಗಳದ್ದು, ಮುಖ್ಯ ಕಚೇರಿಯದ್ದು ಸೇರಿ ಐದು ಕೊಹಾರ್ಟ್‌ಗಳನ್ನು ಸಿಸ್ಟಮ್ ಮಟ್ಟದಲ್ಲೇ ಮಾಡಿ, 'ವಿಸಿಬಲ್' ಗುರುತು ಹಾಕಿಡಿ. ಆ ಗುರುತು ಇದ್ದರೆ ಕೆಳಗಿನ ಕೋರ್ಸುಗಳಲ್ಲಿ ಕೆಲಸ ಮಾಡುವ ಶಾಖೆಯವರಿಗೂ ಕೊಹಾರ್ಟ್‌ನ ಹೆಸರು ಕಾಣುತ್ತದೆ. ಇಲ್ಲದಿದ್ದರೆ ಸಿಸ್ಟಮ್ ಮಟ್ಟದ ಪರ್ಮಿಶನ್ ಇರುವವರಿಗೆ ಮಾತ್ರ.

ಯಾರು ಯಾವ ಕೊಹಾರ್ಟ್‌ನಲ್ಲಿ ಎಂಬುದನ್ನು ಮುಖ್ಯ ಕಚೇರಿಯೇ ಸಿಎಸ್‌ವಿ ಫೈಲ್‌ನಿಂದ ತುಂಬಿಸಲಿ. 'ಅಪ್‌ಲೋಡ್ ಯೂಸರ್ಸ್' ಪುಟದಲ್ಲಿ ಯೂಸರ್‌ನೇಮ್, ಹೆಸರು, ಇಮೇಲ್ ಕಾಲಂಗಳ ಜೊತೆ 'ಕೊಹಾರ್ಟ್1' ಎಂಬ ಕಾಲಂ (ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ) ಇದ್ದರೆ ಅಲ್ಲಿ ಕೊಹಾರ್ಟ್‌ನ ಐಡಿ ಹಾಕಿದರಾಯಿತು. ಇಲ್ಲಿ ಕಾಗುಣಿತ ನೋಡಿಕೊಳ್ಳಬೇಕು. ಅಡ್ಮಿನ್ ಆಗಿ ಅಪ್‌ಲೋಡ್ ಮಾಡುವಾಗ ಆ ಹೆಸರಿನ ಕೊಹಾರ್ಟ್ ಸಿಗದಿದ್ದರೆ ಮೂಡಲ್ ದೋಷ ತೋರಿಸಿ ನಿಲ್ಲುವುದಿಲ್ಲ, ಅದೇ ಹೆಸರಿನಲ್ಲಿ ಹೊಸ ಕೊಹಾರ್ಟ್ ಮಾಡಿಬಿಡುತ್ತದೆ. ತೀರ್ಥಹಳ್ಳಿಯ ಸ್ಪೆಲಿಂಗ್‌ನಲ್ಲಿ ಒಂದು 'ಎಚ್' ಬಿಟ್ಟುಹೋದರೆ ಆ ನೌಕರರು ಯಾವ ಕೋರ್ಸಿಗೂ ಸೇರದ ಕೊಹಾರ್ಟ್‌ನಲ್ಲಿ ಕೂತಿರುತ್ತಾರೆ. ಅಪ್‌ಲೋಡ್ ಮುಗಿದ ಮೇಲೆ ಕೊಹಾರ್ಟ್ ಪಟ್ಟಿ ತೆರೆದು, ಐದೇ ಇವೆಯೇ ಎಂದು ಒಮ್ಮೆ ನೋಡಿ.

ಹೊಸ ನೌಕರರ ಖಾತೆ ತೆರೆಯುವ ಪರ್ಮಿಶನ್ಅನ್ನೂ ಶಾಖೆಗೆ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಮಾಮೂಲಿ ಮೂಡಲ್‌ನಲ್ಲಿ ಅದು ಆಗದ ಕೆಲಸ. ಖಾತೆಗಳು ಕ್ಯಾಟಗರಿಗೆ ಸೇರಿದವಲ್ಲ, ಇಡೀ ಸೈಟಿಗೆ ಸೇರಿದವು. 'ಯೂಸರ್ ಕ್ರಿಯೇಟ್' ಪರ್ಮಿಶನ್ಅನ್ನು ಕ್ಯಾಟಗರಿಯಲ್ಲಿ ಕೊಟ್ಟರೆ ಕೆಲಸ ಮಾಡುವುದಿಲ್ಲ, ಸಿಸ್ಟಮ್‌ನಲ್ಲಿ ಕೊಟ್ಟರೆ ಎಲ್ಲ ಕಡೆಗೂ ಆಗುತ್ತದೆ. ನಡುವಿನದ್ದೊಂದು ಇಲ್ಲ. ಶಾಖೆಯವರು ಹೊಸಬರ ವಿವರವನ್ನು ವಾರಕ್ಕೊಮ್ಮೆ ಒಂದೇ ಮಾದರಿಯ ಎಕ್ಸೆಲ್‌ನಲ್ಲಿ ಕಳಿಸುವ ಪದ್ಧತಿ ಮಾಡಿಕೊಳ್ಳಿ. 350 ಜನರ ಕಂಪನಿಗೆ ಇದು ಭಾರವಾಗುವುದಿಲ್ಲ.

ಶಾಖಾ ಅಡ್ಮಿನ್ ರೋಲ್ ಕಟ್ಟುವುದು

'ಸೈಟ್ ಅಡ್ಮಿನಿಸ್ಟ್ರೇಷನ್'ನಲ್ಲಿ 'ಯೂಸರ್ಸ್', ಅದರೊಳಗೆ 'ಪರ್ಮಿಶನ್ಸ್', ಅಲ್ಲಿ 'ಡಿಫೈನ್ ರೋಲ್ಸ್' ತೆರೆದು ಹೊಸ ರೋಲ್ ಸೇರಿಸಿ. ಯಾವುದರ ಮಾದರಿಯಲ್ಲಿ ಎಂದು ಅದು ಕೇಳುತ್ತದೆ. ಎಲ್ಲರೂ 'ಮ್ಯಾನೇಜರ್' ಆರಿಸಿ, ಬೇಡದ್ದನ್ನು ಒಂದೊಂದಾಗಿ ತೆಗೆಯಲು ಹೊರಡುತ್ತಾರೆ. ಆ ಪಟ್ಟಿಯಲ್ಲಿ ನೂರಾರು ಸಾಲುಗಳಿವೆ. ಕಳೆಯುತ್ತಾ ಹೋದರೆ ಏನಾದರೊಂದು ಉಳಿದೇ ಉಳಿಯುತ್ತದೆ. 'ಟೀಚರ್'ನಿಂದ ಶುರುಮಾಡಿ ಬೇಕಾದಷ್ಟನ್ನು ಸೇರಿಸಿಕೊಳ್ಳುವುದು ಒಳ್ಳೆಯದು.

ಮುಂದಿನ ಪುಟದಲ್ಲಿ 'ರೋಲ್ ಆರ್ಕಿಟೈಪ್' ಎಂಬ ಜಾಗದಲ್ಲಿ 'ಟೀಚರ್' ಎಂದೇ ಇರುತ್ತದೆ. ಅದನ್ನು 'ನನ್' (None, ಯಾವುದೂ ಅಲ್ಲ) ಮಾಡಿ. ಮೂಡಲ್ ಅಪ್‌ಗ್ರೇಡ್ ಆದಾಗ ಅಥವಾ ಹೊಸ ಪ್ಲಗಿನ್ ಹಾಕಿದಾಗ ಹೊಸ ಪರ್ಮಿಶನ್‌ಗಳು ಹುಟ್ಟುತ್ತವೆ. ಅವನ್ನು ಯಾವ ರೋಲ್‌ಗೆ ತಾನಾಗಿ ಕೊಡಬೇಕು ಎಂದು ಅದು ನೋಡುವುದು ಈ ಆರ್ಕಿಟೈಪ್‌ನಲ್ಲಿ. ಹಾಗೇ ಬಿಟ್ಟರೆ ನೀವು ಎಣಿಸಿ ಎಣಿಸಿ ಕೊಟ್ಟ ರೋಲ್‌ಗೆ ಮುಂದಿನ ಅಪ್‌ಗ್ರೇಡ್‌ನಲ್ಲಿ ನೀವು ನೋಡದೇ ಇರುವ ಅಧಿಕಾರ ಸೇರಿಕೊಳ್ಳಬಹುದು. ಇದನ್ನು ಬದಲಾಯಿಸಿದ್ದರಿಂದ ಈಗಿನ ಪರ್ಮಿಶನ್‌ಗಳಿಗೆ ಏನೂ ಆಗುವುದಿಲ್ಲ.

ಅದರ ಕೆಳಗೆ ರೋಲ್ಅನ್ನು ಎಲ್ಲೆಲ್ಲಿ ಕೊಡಬಹುದು ಎಂಬ ಚೌಕಗಳಿವೆ. 'ಕ್ಯಾಟಗರಿ'ಗೆ ಮಾತ್ರ ಗುರುತು ಹಾಕಿ, ಉಳಿದದ್ದೆಲ್ಲ ತೆಗೆಯಿರಿ. 'ಸಿಸ್ಟಮ್' ಗುರುತು ಇಲ್ಲದಿದ್ದರೆ 'ಅಸೈನ್ ಸಿಸ್ಟಮ್ ರೋಲ್ಸ್' ಪುಟದಲ್ಲಿ ಈ ರೋಲ್ ಕಾಣುವುದೇ ಇಲ್ಲ. ನಾಳೆ ನಿಮ್ಮ ಜಾಗಕ್ಕೆ ಬಂದವರು ಗಡಿಬಿಡಿಯಲ್ಲಿ ಕೆಲಸ ಮಾಡಿದರೂ ಆ ತಪ್ಪು ಆಗಲಾರದು.

ನಂತರ 'ಈ ರೋಲ್ ಇರುವವರು ಯಾವ ರೋಲ್ ಕೊಡಬಹುದು' ಎಂಬ ಪೆಟ್ಟಿಗೆ. ಇಲ್ಲಿ 'ಸ್ಟೂಡೆಂಟ್', 'ನಾನ್-ಎಡಿಟಿಂಗ್ ಟೀಚರ್' ಎರಡು ಸಾಕು. ಶಾಖಾ ಅಡ್ಮಿನ್‌ಗಳು ಇನ್ನೊಬ್ಬ ಶಾಖಾ ಅಡ್ಮಿನ್ಅನ್ನು ಹುಟ್ಟಿಸುವಂತಿರಬಾರದು. 'ಓವರ್‌ರೈಡ್' (ಬೇರೆ ರೋಲ್‌ನ ಪರ್ಮಿಶನ್ಅನ್ನು ಒಂದು ಜಾಗದಲ್ಲಿ ಬದಲಾಯಿಸುವುದು) ಪೆಟ್ಟಿಗೆ ಖಾಲಿ ಇರಲಿ.

ಇನ್ನು ಪರ್ಮಿಶನ್ ಪಟ್ಟಿ. ಮೇಲಿರುವ ಫಿಲ್ಟರ್ ಪೆಟ್ಟಿಗೆಯಲ್ಲಿ ಹುಡುಕಿದರೆ ಬೇಗ ಸಿಗುತ್ತವೆ. ಸೇರಿಸಬೇಕಾದ್ದು: ಕೋರ್ಸ್ ರಚಿಸುವುದು, ದಾಖಲಾಗದೆಯೂ ಕೋರ್ಸ್ ನೋಡುವುದು. ಕೊಹಾರ್ಟ್‌ನವರನ್ನು ತಾನಾಗಿ ಕೋರ್ಸಿಗೆ ಸೇರಿಸುವ 'ಕೊಹಾರ್ಟ್ ಸಿಂಕ್' ಹೊಂದಿಸುವ ಪರ್ಮಿಶನ್ ಕೂಡ ಬೇಕು. ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಸೇರಿಸಿ. ತೆಗೆಯಬೇಕಾದ್ದರಲ್ಲಿ ಮುಖ್ಯವಾದದ್ದು 'ರೀಸೆಟ್ ಕೋರ್ಸ್'. ಡಿಲೀಟ್ ಬಗ್ಗೆ ಎಲ್ಲರೂ ಹುಷಾರಾಗಿರುತ್ತಾರೆ, ರೀಸೆಟ್ ಕಡೆ ಯಾರೂ ನೋಡುವುದಿಲ್ಲ. ಕೋರ್ಸ್ ಇದ್ದಂತೆಯೇ ಇರುತ್ತದೆ, ಒಳಗಿನ ಉತ್ತರ, ಅಂಕ, ದಾಖಲಾತಿ ಎಲ್ಲ ಹೋಗಿರುತ್ತದೆ. ಹಾಗೆ ಹೋದದ್ದು ರಿಸೈಕಲ್ ಬಿನ್‌ಗೆ ಬರುವುದಿಲ್ಲ, ಅದಕ್ಕೆ ಬ್ಯಾಕಪ್ ಒಂದೇ ಗತಿ. ಟೀಚರ್ ರೋಲ್‌ಗೆ ಈ ಪರ್ಮಿಶನ್ ಮೊದಲೇ ಇರುವುದರಿಂದ ನೆನಪಿಟ್ಟು ತೆಗೆಯಬೇಕು.

ಪಟ್ಟಿಯ ಬಲಕ್ಕೆ ಸಣ್ಣ ತ್ರಿಕೋನದ ಗುರುತುಗಳಿವೆ. ಆ ಪರ್ಮಿಶನ್‌ನಿಂದ ಸಂರಚನೆ ಬದಲಾಗಬಹುದೇ, ಖಾಸಗಿ ಮಾಹಿತಿ ಕಾಣಬಹುದೇ, ಮಾಹಿತಿ ನಾಶವಾಗಬಹುದೇ ಎಂದು ಮೂಡಲ್ ಅಲ್ಲೇ ಹೇಳುತ್ತದೆ. ಅವನ್ನು ಓದಿಯೇ 'ಅಲೋ' ಕೊಡಿ. ಯಾವ ಕಾರಣಕ್ಕೂ ಶಾಖೆಗೆ ಹೋಗಬಾರದವು ಮೂರು. ಒಂದು, ಇನ್ನೊಬ್ಬರ ಹೆಸರಿನಲ್ಲಿ ಲಾಗಿನ್ ಆಗುವ 'ಲಾಗಿನ್ ಆ್ಯಸ್'. ಎರಡು, ಇನ್ನೊಬ್ಬರ ಪ್ರೊಫೈಲ್ ತಿದ್ದುವುದು: ಬೇರೆಯವರ ಇಮೇಲ್ ವಿಳಾಸವನ್ನು ತನ್ನದಕ್ಕೆ ಬದಲಾಯಿಸಿ 'ಪಾಸ್‌ವರ್ಡ್ ಮರೆತೆ' ಒತ್ತಿದರೆ ಆ ಖಾತೆ ಕೈವಶವಾಗುತ್ತದೆ. ಮೂರು, ರೋಲ್‌ಗಳನ್ನೇ ತಿದ್ದುವ ಪರ್ಮಿಶನ್. ಇಂಥ ಪರ್ಮಿಶನ್‌ಗಳು 'ಮ್ಯಾನೇಜರ್' ರೋಲ್‌ನಲ್ಲಿ ಸಿದ್ಧವಾಗಿಯೇ ಬರುತ್ತವೆ. ಮ್ಯಾನೇಜರ್‌ನಿಂದ ಶುರುಮಾಡಬೇಡಿ ಎಂದು ಹೇಳಿದ್ದು ಇದಕ್ಕೇ.

ರೋಲ್ ಸಿದ್ಧವಾದ ಮೇಲೆ ಸಾಗರ ಕ್ಯಾಟಗರಿ ತೆರೆದು, 'ಮೋರ್' ಮೆನುವಿನ ಪರ್ಮಿಶನ್ಸ್ ಭಾಗದಲ್ಲಿ 'ಅಸೈನ್ ರೋಲ್ಸ್' ಮೂಲಕ ಸಾಗರದವರಿಗೆ ಕೊಡಿ. ಆವೃತ್ತಿಗೆ ತಕ್ಕಂತೆ ಮೆನುವಿನ ಜಾಗ ಅತ್ತಿತ್ತ ಆಗುತ್ತದೆ, ಹೆಸರು ಅದೇ.

ಎಲ್ಲರ ಕೋರ್ಸಿನಲ್ಲಿ ತಮ್ಮವರು ಮಾತ್ರ ಕಾಣುವಂತೆ

ಬೆಂಕಿ ಸುರಕ್ಷತೆಯ ಕೋರ್ಸ್ ಐದೂ ಊರಿಗೆ ಒಂದೇ. ಅದು 'ಎಲ್ಲರಿಗೂ' ಕ್ಯಾಟಗರಿಯಲ್ಲಿರುವುದರಿಂದ ಮೇಲಿನ ರೋಲ್ ಅಲ್ಲಿ ನಡೆಯುವುದಿಲ್ಲ. ಆದರೆ ತಮ್ಮ ಶಾಖೆಯಲ್ಲಿ ಯಾರು ಮುಗಿಸಿದ್ದಾರೆ, ಯಾರು ಬಾಕಿ ಎಂದು ಶಾಖೆಯ ಮುಖ್ಯಸ್ಥರಿಗೆ ಗೊತ್ತಾಗಲೇಬೇಕು. ಇದು ಗ್ರೂಪ್‌ಗಳಿಂದ, ಅಂದರೆ ಒಂದು ಕೋರ್ಸಿನೊಳಗೆ ಮಾಡುವ ಗುಂಪುಗಳಿಂದ, ಆಗುವ ಕೆಲಸ.

ಕೋರ್ಸಿನ 'ಪಾರ್ಟಿಸಿಪೆಂಟ್ಸ್' ಪುಟದ 'ಎನ್‌ರೋಲ್‌ಮೆಂಟ್ ಮೆಥಡ್ಸ್'ನಲ್ಲಿ 'ಕೊಹಾರ್ಟ್ ಸಿಂಕ್' ಸೇರಿಸಿ. ಪ್ರತಿ ಕೊಹಾರ್ಟ್‌ಗೂ ಒಂದು, ಪ್ರತಿಯೊಂದಕ್ಕೂ 'ಹೊಸ ಗ್ರೂಪ್ ರಚಿಸು' ಆಯ್ಕೆ. ಈಗ ಸಾಗರದ ಕೊಹಾರ್ಟ್‌ನವರೆಲ್ಲ ತಾವಾಗಿ ಸಾಗರ ಗ್ರೂಪ್‌ಗೆ ಬಂದು ಕೂರುತ್ತಾರೆ. ಕೋರ್ಸ್ ಸೆಟ್ಟಿಂಗ್ಸ್‌ನಲ್ಲಿ ಗ್ರೂಪ್ ಮೋಡ್ 'ಸೆಪರೇಟ್ ಗ್ರೂಪ್ಸ್' ಮಾಡಿ, 'ಫೋರ್ಸ್ ಗ್ರೂಪ್ ಮೋಡ್'ಗೆ 'ಯೆಸ್' ಕೊಡಿ. ಫೋರ್ಸ್ ಮಾಡದಿದ್ದರೆ ಒಳಗಿನ ಒಂದೊಂದು ಪರೀಕ್ಷೆಗೂ ಗ್ರೂಪ್ ಮೋಡ್ ಬೇರೆಬೇರೆ ಇರಬಹುದು, ಆಗ ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ಕಾಣುತ್ತದೆ.

ಆಮೇಲೆ 'ಪ್ರಗತಿ ವೀಕ್ಷಕ' ಎಂಬ ಎರಡನೆಯ ಚಿಕ್ಕ ರೋಲ್. ಇದನ್ನು ಯಾವ ಮಾದರಿಯೂ ಇಲ್ಲದೆ ಖಾಲಿಯಿಂದಲೇ ಕಟ್ಟಬಹುದು. ಸದಸ್ಯರ ಪಟ್ಟಿ ನೋಡುವುದು, ಚಟುವಟಿಕೆ ಪೂರ್ಣಗೊಂಡ ವರದಿ, ಕೋರ್ಸ್ ಪೂರ್ಣಗೊಂಡ ವರದಿ, ಎಲ್ಲರ ಅಂಕ ನೋಡುವುದು, ಗ್ರೇಡರ್ ವರದಿ (ಕೋರ್ಸಿನ ಅಂಕಪಟ್ಟಿ) ನೋಡುವುದು, ಇಷ್ಟೇ. 'ಆಕ್ಸೆಸ್ ಆಲ್ ಗ್ರೂಪ್ಸ್' ಮಾತ್ರ ಯಾವತ್ತೂ ಬೇಡ. ಅದೊಂದು ಇದ್ದರೆ ಗ್ರೂಪ್ ಗೋಡೆಗಳೆಲ್ಲ ಬಿದ್ದಂತೆ. ಈ ರೋಲ್ 'ಕೋರ್ಸ್'ನಲ್ಲಿ ಮಾತ್ರ ಕೊಡುವಂತಿರಲಿ. ಶಾಖೆಯ ಮುಖ್ಯಸ್ಥರನ್ನು ಈ ರೋಲ್‌ನಲ್ಲಿ ಮ್ಯಾನ್ಯುಯಲ್ ಆಗಿ ಕೋರ್ಸಿಗೆ ಸೇರಿಸಿ, ಅವರು ಸಾಗರ ಗ್ರೂಪ್‌ನಲ್ಲಿ ಇದ್ದಾರೆಯೇ ನೋಡಿ. ಗ್ರೂಪ್‌ನಲ್ಲಿ ಇಲ್ಲದಿದ್ದರೆ ಅವರಿಗೆ ವರದಿ ಖಾಲಿ ಬರುತ್ತದೆ. 'ನನಗೇನೂ ಕಾಣ್ತಿಲ್ಲ' ಎಂದು ಶಾಖೆಯಿಂದ ಫೋನ್ ಬಂದರೆ ಮೊದಲು ಇದನ್ನೇ ನೋಡಿ. ಆ ಹೊತ್ತಿನಲ್ಲಿ ಬೇಸರಕ್ಕೆ 'ಆಕ್ಸೆಸ್ ಆಲ್ ಗ್ರೂಪ್ಸ್' ಕೊಟ್ಟು ಕೈತೊಳೆದುಕೊಳ್ಳಬೇಡಿ.

'ಪ್ರಿವೆಂಟ್' ಹಾಕಿದರೂ ಯಾಕೆ ತಡೆಯುವುದಿಲ್ಲ

ಇಲ್ಲಿ ಅನುಭವಸ್ಥರೂ ಎಡವುತ್ತಾರೆ. ಪ್ರತಿ ಪರ್ಮಿಶನ್‌ಗೆ ನಾಲ್ಕು ಸ್ಥಿತಿಗಳಿವೆ: 'ನಾಟ್ ಸೆಟ್', 'ಅಲೋ', 'ಪ್ರಿವೆಂಟ್', 'ಪ್ರೊಹಿಬಿಟ್'. ಒಬ್ಬರಿಗೆ ಎರಡು ರೋಲ್ ಇದ್ದರೆ ಮೂಡಲ್ ಪ್ರತಿ ರೋಲ್ಅನ್ನೂ ಬೇರೆಯಾಗಿ ಲೆಕ್ಕ ಹಾಕುತ್ತದೆ. ಒಂದು ರೋಲ್ 'ಪ್ರಿವೆಂಟ್' ಎಂದರೂ ಇನ್ನೊಂದು 'ಅಲೋ' ಎಂದರೆ ಅನುಮತಿ ಸಿಕ್ಕಿತು. 'ಪ್ರಿವೆಂಟ್' ಎಂದರೆ ಈ ರೋಲ್‌ನ ಮೂಲಕ ಕೊಡುವುದಿಲ್ಲ ಎಂದಷ್ಟೇ. ಇನ್ನೊಂದು ರೋಲ್ ಕೊಟ್ಟಿದ್ದನ್ನು ಕಿತ್ತುಕೊಳ್ಳುವ ಶಕ್ತಿ ಅದಕ್ಕಿಲ್ಲ.

ಉದಾಹರಣೆಗೆ, ಹೊಸನಗರದ ಮುಖ್ಯಸ್ಥರಿಗೆ ಹೊಸ ರೋಲ್ ಕೊಟ್ಟು ಅದರಲ್ಲಿ ಕೋರ್ಸ್ ಡಿಲೀಟ್‌ಗೆ 'ಪ್ರಿವೆಂಟ್' ಹಾಕಿದ್ದೀರಿ. ಆದರೂ ಅವರು ಡಿಲೀಟ್ ಮಾಡಬಲ್ಲರು. ಹಿಂದೆ ಯಾರೋ ಅವರಿಗೆ ಸಿಸ್ಟಮ್ ಮಟ್ಟದಲ್ಲಿ 'ಮ್ಯಾನೇಜರ್' ಕೊಟ್ಟಿದ್ದು ಹಾಗೇ ಉಳಿದಿರುತ್ತದೆ. ಹೊಸ ರೋಲ್ಅನ್ನು ಎಷ್ಟು ಬಿಗಿ ಮಾಡಿದರೂ ಹಳೆಯದು ತೆಗೆಯುವವರೆಗೆ ಪ್ರಯೋಜನವಿಲ್ಲ. 'ಪ್ರೊಹಿಬಿಟ್' ಮಾತ್ರ ಎಲ್ಲವನ್ನೂ ಮೀರಿ ತಡೆಯುತ್ತದೆ, ಕೆಳಗಿನ ಯಾವ ಜಾಗದಲ್ಲೂ ಅದನ್ನು ಸಡಿಲಿಸಲಾಗುವುದಿಲ್ಲ. ಅಷ್ಟು ಬಲ ಇರುವುದಕ್ಕೇ ಅದನ್ನು ಬಳಸಬೇಡಿ ಎನ್ನುತ್ತೇನೆ. ಎಲ್ಲ ನೌಕರರಿಗೂ ಇರುವ 'ಅಥೆಂಟಿಕೇಟೆಡ್ ಯೂಸರ್' ರೋಲ್‌ನಲ್ಲಿ ಒಂದು 'ಪ್ರೊಹಿಬಿಟ್' ಬಿದ್ದರೆ ಸೈಟ್ ಅಡ್ಮಿನ್ ಬಿಟ್ಟು ಮುಖ್ಯ ಕಚೇರಿಯವರೂ ಸೇರಿ ಎಲ್ಲರ ಕೈಯೂ ಕಟ್ಟಿಹೋಗುತ್ತದೆ. ಕಾರಣ ಹುಡುಕಲು ಅರ್ಧ ದಿನ ಬೇಕು. ಬೇಡದ್ದಕ್ಕೆ 'ನಾಟ್ ಸೆಟ್' ಸಾಕು.

ಯಾರಿಗೆ ಏನು ಸಿಕ್ಕಿದೆ, ಅಲ್ಲಿ ಅವರಿಗೆ ಯಾವ ರೋಲ್‌ಗಳಿವೆ ಎಂದು ತಿಳಿಯಲು ಆ ಕ್ಯಾಟಗರಿಯಲ್ಲಿ 'ಚೆಕ್ ಪರ್ಮಿಶನ್ಸ್' ತೆರೆದು ವ್ಯಕ್ತಿಯ ಹೆಸರು ಆರಿಸಿ. ಒಬ್ಬರ ಎಲ್ಲ ರೋಲ್‌ಗಳೂ ಒಂದೇ ಕಡೆ ಬೇಕಾದರೆ ಅವರ ಪ್ರೊಫೈಲ್‌ನಿಂದ ಹೋಗಿ 'ದಿಸ್ ಯೂಸರ್ಸ್ ರೋಲ್ ಅಸೈನ್‌ಮೆಂಟ್ಸ್' ನೋಡಿ. ಹೊಸನಗರದವರು ಕೊಪ್ಪಕ್ಕೆ ವರ್ಗವಾದಾಗ ಹೊಸದನ್ನು ಕೊಡುವ ಮೊದಲು ಈ ಪುಟ ತೆರೆದು ಹಳೆಯದನ್ನು ತೆಗೆಯುವ ಅಭ್ಯಾಸ ಮಾಡಿಕೊಳ್ಳಿ.

ಹತ್ತು ಅಡ್ಮಿನ್‌ಗಳನ್ನು ಇಳಿಸುವ ಕ್ರಮ

ಒಂದೇ ದಿನ ಹತ್ತೂ ಜನರನ್ನು ತೆಗೆದರೆ ನಾಲ್ಕೂ ಕಡೆಯಿಂದ ಫೋನ್ ಶುರುವಾಗಿ, ಸಂಜೆಯೊಳಗೆ ಎಲ್ಲರನ್ನೂ ವಾಪಸ್ ಸೇರಿಸಬೇಕಾಗುತ್ತದೆ. ಮೊದಲು ಒಂದು ಪರೀಕ್ಷಾ ಖಾತೆ ಮಾಡಿ ಸಾಗರ ಕ್ಯಾಟಗರಿಯಲ್ಲಿ ಹೊಸ ರೋಲ್ ಕೊಡಿ. ಬ್ರೌಸರ್‌ನ ಪ್ರೈವೇಟ್ ವಿಂಡೋದಲ್ಲಿ ಆ ಖಾತೆಯಿಂದಲೇ ಲಾಗಿನ್ ಆಗಿ, ಶಾಖೆಯವರು ದಿನವೂ ಮಾಡುವ ಕೆಲಸಗಳನ್ನೆಲ್ಲ ಮಾಡಿನೋಡಿ. ಕೊಪ್ಪದ ಕೋರ್ಸಿನ ವಿಳಾಸವನ್ನು ನೇರವಾಗಿ ಅಂಟಿಸಿ, ಒಳಗೆ ಬಿಡುತ್ತದೆಯೇ ಎಂದೂ ನೋಡಿ. 'ಸ್ವಿಚ್ ರೋಲ್ ಟು' ಬಳಸಿ ಪರೀಕ್ಷಿಸಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಅದು ಆ ಕೋರ್ಸಿನೊಳಗಿನ ನೋಟವನ್ನು ಮಾತ್ರ ತೋರಿಸುತ್ತದೆ. ಸಾಗರ ಒಂದು ವಾರ ನಡೆಯಲಿ, ಬಂದ ದೂರುಗಳನ್ನು ರೋಲ್‌ನಲ್ಲೇ ಸರಿಪಡಿಸಿ. ರೋಲ್ ಒಂದೇ ಆದ್ದರಿಂದ ಉಳಿದ ಶಾಖೆಗಳಿಗೆ ಆ ತಿದ್ದುಪಡಿ ತಾನಾಗಿ ಸಿಗುತ್ತದೆ. ಆಮೇಲೆ ಉಳಿದ ಮೂರು. ಅಡಿಕೆ ಸುಗ್ಗಿಯ ನಡುವೆ ಇದಕ್ಕೆ ಕೈಹಾಕಬೇಡಿ, ಮಳೆಗಾಲದ ಬಿಡುವಿನಲ್ಲಿ ಮುಗಿಸಿ.

ಕೊನೆಗೆ ಸೈಟ್ ಅಡ್ಮಿನ್ ಆಗಿ ಇಬ್ಬರು ಉಳಿಯಲಿ. ಒಬ್ಬರೇ ಇದ್ದರೆ ಅವರು ರಜೆಯಲ್ಲಿದ್ದಾಗ ಕೆಲಸ ನಿಲ್ಲುತ್ತದೆ. ಇಬ್ಬರಿಗೂ ಅಡ್ಮಿನ್ ಕೆಲಸಕ್ಕೊಂದು, ದಿನನಿತ್ಯದ ಕೆಲಸಕ್ಕೊಂದು ಬೇರೆ ಬೇರೆ ಖಾತೆ ಇರಲಿ. 'ಸಾಗರ ಬ್ರಾಂಚ್' ಎಂಬಂಥ ಹಂಚಿಕೊಂಡ ಲಾಗಿನ್‌ಗಳನ್ನು ಸಸ್ಪೆಂಡ್ ಮಾಡಿ. ಅವು ಇರುವವರೆಗೆ ಲಾಗ್‌ನಲ್ಲಿ (ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ) ಶಾಖೆಯ ಹೆಸರು ಬರುತ್ತದೆಯೇ ಹೊರತು ಮನುಷ್ಯರ ಹೆಸರು ಬರುವುದಿಲ್ಲ. ಸರ್ವರ್ ನೋಡಿಕೊಳ್ಳುವ ಹೋಸ್ಟಿಂಗ್ ಪ್ಯಾನೆಲ್‌ನ ಪಾಸ್‌ವರ್ಡ್ ಯಾರ ಬಳಿ ಇದೆ ಎಂದೂ ವಿಚಾರಿಸಿ. ಸರ್ವರ್‌ಗೆ ಕಮಾಂಡ್ ಮಟ್ಟದಲ್ಲಿ ಪ್ರವೇಶ ಇರುವವರು ಅಡ್ಮಿನ್ ಪಾಸ್‌ವರ್ಡ್ಅನ್ನೇ ಬದಲಾಯಿಸಬಲ್ಲರು. ಅವರು ನಿಮ್ಮ ಪಟ್ಟಿಯಲ್ಲಿ ಕಾಣದ ಮೂರನೆಯ ಅಡ್ಮಿನ್.

ಅಡ್ಮಿನ್‌ಗಳಿಗೂ ಶಾಖಾ ಅಡ್ಮಿನ್‌ಗಳಿಗೂ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ. 4.3ರಿಂದ ಈಚಿನ ಮೂಡಲ್‌ನಲ್ಲಿ ಇದು ಒಳಗೇ ಬರುತ್ತದೆ. ಪ್ರತಿ ವಿಧಾನಕ್ಕೂ ಅಂಕಗಳಿರುತ್ತವೆ, ಒಟ್ಟು 100 ಆದರೆ ಒಳಗೆ ಬಿಡುತ್ತದೆ. ನಮ್ಮ ಮಲೆನಾಡಿಗೆ ಎಸ್‌ಎಂಎಸ್ ಒಟಿಪಿ ನಂಬಿಕೊಳ್ಳಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ನಿಂತರೆ ಒಟಿಪಿ ಬರುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಆಗ ಶಿವಮೊಗ್ಗಕ್ಕೆ ಹೇಗೋ ಫೋನ್ ಹಚ್ಚಿ 'ನಿಮ್ಮ ಪಾಸ್‌ವರ್ಡ್ ಹೇಳಿ' ಎನ್ನುವುದು ಶುರುವಾಗುತ್ತದೆ. ಅಥೆಂಟಿಕೇಟರ್ ಆ್ಯಪ್‌ಗೆ ಮೊಬೈಲ್ ಸಿಗ್ನಲ್ ಬೇಡ. ಮೊದಲೇ ಹಂಚಿಕೊಂಡ ಗುಟ್ಟಿನ ಸಂಖ್ಯೆ ಮತ್ತು ಫೋನಿನ ಗಡಿಯಾರ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುತ್ತದೆ. ಹಾಗಾಗಿ ಫೋನಿನ ಸಮಯ ಸರಿ ಇರಲೇಬೇಕು; ಕೈಯಾರೆ ಐದು ನಿಮಿಷ ಮುಂದಿಟ್ಟುಕೊಂಡವರಿಗೆ ಸಂಖ್ಯೆ ಯಾವಾಗಲೂ ತಪ್ಪೇ ಬರುತ್ತದೆ.

ಲಾಗ್ ವಿಷಯ ಚಿಕ್ಕದು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್ಅನ್ನು 180 ದಿನ ಇಟ್ಟುಕೊಳ್ಳಬೇಕು. ಮೂಡಲ್‌ನ 'ಸ್ಟ್ಯಾಂಡರ್ಡ್ ಲಾಗ್' ಸೆಟ್ಟಿಂಗ್‌ನಲ್ಲಿ ಯಾರಾದರೂ ಜಾಗ ಉಳಿಸಲು 35 ದಿನ ಎಂದು ಇಟ್ಟಿದ್ದರೆ 365 ಮಾಡಿ.

ಸುಗ್ಗಿಗೆ ಬರುವ ತಾತ್ಕಾಲಿಕ ನೌಕರರಿಗೂ ಕೆಲಸ ಬಿಟ್ಟವರಿಗೂ ನಿಯಮ ಒಂದೇ: ಖಾತೆಯನ್ನು ಡಿಲೀಟ್ ಮಾಡಬೇಡಿ, ಸಸ್ಪೆಂಡ್ ಮಾಡಿ. ಅಪ್‌ಲೋಡ್ ಫೈಲ್‌ನ 'ಸಸ್ಪೆಂಡೆಡ್' ಕಾಲಂನಲ್ಲಿ 1 ಹಾಕಿದರೆ ಒಟ್ಟಿಗೇ ಆಗುತ್ತದೆ. ಮುಂದಿನ ಸುಗ್ಗಿಗೆ ಅದೇ ಜನ ಬಂದಾಗ 0 ಮಾಡಿದರೆ ಹಿಂದಿನ ತರಬೇತಿಯ ದಾಖಲೆ ಸಮೇತ ಖಾತೆ ತೆರೆದುಕೊಳ್ಳುತ್ತದೆ. ಅಪ್‌ಲೋಡ್ ವಿಧಾನದಲ್ಲಿ 'ಇರುವ ಖಾತೆಗಳನ್ನು ಅಪ್‌ಡೇಟ್ ಮಾಡು' ಆಯ್ಕೆ ಇರಬೇಕು, ಇಲ್ಲವಾದರೆ ಆ ಸಾಲುಗಳನ್ನು ಬಿಟ್ಟು ಮುಂದೆ ಹೋಗುತ್ತದೆ.

ಬೇರೆ ಸಾಫ್ಟ್‌ವೇರ್ ಬೇಕೇ ಎಂದು ಕೇಳಿದ್ದೀರಿ. ನಾಲ್ಕು ಶಾಖೆ, ಒಂದೇ ಮಾನವ ಸಂಪನ್ಮೂಲ ವಿಭಾಗ ಇರುವವರೆಗೆ ಬೇಡ. ಶಾಖೆಯವರೇ ತಮ್ಮ ನೌಕರರ ಖಾತೆ ತೆರೆಯಬೇಕು, ಬೇರೆ ಶಾಖೆಯವರ ಹೆಸರೂ ಕಾಣಬಾರದು ಎನ್ನುವ ಮಟ್ಟಕ್ಕೆ ಬಂದರೆ ಆಗ ಒಂದೇ ಸೈಟಿನೊಳಗೆ ಪ್ರತ್ಯೇಕ ಸಂಸ್ಥೆಗಳನ್ನು ನಡೆಸುವ ಸೌಲಭ್ಯ ಬೇಕಾಗುತ್ತದೆ. ಮೂಡಲ್ ವರ್ಕ್‌ಪ್ಲೇಸ್‌ನಲ್ಲಿ ಅದು ಇದೆ, ಹಣ ಕೊಟ್ಟು ಪಡೆಯಬೇಕು. ಮುಕ್ತ ತಂತ್ರಾಂಶವಾದ ಐಯೋಮ್ಯಾಡ್‌ನಲ್ಲೂ ಇದೆ, ಆದರೆ ಅದನ್ನು ಸರ್ವರ್‌ನಲ್ಲಿ ನೋಡಿಕೊಳ್ಳಲು ತಿಳಿದವರು ನಿಮ್ಮಲ್ಲಿ ಇರಬೇಕು. ಮೊದಲು ಈಗಿನದನ್ನೇ ಮೇಲಿನಂತೆ ಹೊಂದಿಸಿ ಒಂದು ಸುಗ್ಗಿ ನಡೆಸಿನೋಡಿ, ಆಮೇಲೆ ದರಪಟ್ಟಿ ತರಿಸಿ.